ಕೊಳವೆಯ ಆ ತುದಿ

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಲ್ಯಾಬ್ ಅಕ್ಕ. ಮದುವೆಯ ಗೋಜಿಗೆ ಹೋದವಳಲ್ಲ. ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಮಾತೇನಿದ್ದರೂ ಸಾಮಾನು ಕೊಡುವ ಸ್ಟೋರ್ ಅಣ್ಣನ ಜೊತೆ. ಅದಾದರೂ ಎಂಥ ಮಾತು? "ಬೀಕರ್ ಎಲ್ಲಿ?" "ಕಣ್ಣೆದುರಿಗೇ ಇದೆಯಲ್ಲ, ಕಣ್ಣನ್ನ ಅಡ ಇಟ್ಟಿದೀರಾ?"

ವರ್ಷಕ್ಕೊಮ್ಮೆ ಮಾತ್ರ ಉದ್ದನೆಯ ಗಾಜಿನ ಕೊಳವೆ ಹೊರಬರುತ್ತಿತ್ತು. ಅವಳ ತುದಿಗೆ ಅಮೋನಿಯಾದಲ್ಲಿ ಅದ್ದಿದ ಹತ್ತಿ, ಅವನ ತುದಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹತ್ತಿ. ಎರಡನ್ನೂ ಒಂದೇ ಗಳಿಗೆಗೆ ತುರುಕಬೇಕು. ಒಬ್ಬರ ಕೈಗೆ ಎಟುಕುವ ಕೆಲಸವಲ್ಲ. ಅವನು "ಒಂದು, ಎರಡು" ಎನ್ನುತ್ತಿದ್ದ, ಅವಳು "ಹೂಂ" ಎನ್ನುತ್ತಿದ್ದಳು. ಕಾಣದ ಆವಿಗಳು ಕೂಡಿದಲ್ಲಿ ಬಿಳಿ ಉಂಗುರ ಮೂಡುತ್ತಿತ್ತು. ಆಮ್ಲದ ಆವಿ ಭಾರ, ನಡೆ ನಿಧಾನ. ಹಾಗಾಗಿ ಉಂಗುರ ಅವನ ಕಡೆಗೇ ಹತ್ತಿರ. ಆ ಜಾಗಕ್ಕೆ ಅವನೇ ಕೆಂಪು ದಾರ ಕಟ್ಟಿದ್ದ. "ನೋಡಿ, ಜಾಸ್ತಿ ದೂರ ಬರೋರು ನೀವೇ" ಎಂದು ರೇಗಿಸುತ್ತಿದ್ದ. ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಈ ವರ್ಷ ಅವನು ಎದೆನೋವಿನಿಂದ ತೀರಿಹೋದ. ಅಳಲು ಅವಳಿಗೆ ಯಾವ ಹಕ್ಕು? ಹೆಂಡತಿಯಲ್ಲ, ಒಡಹುಟ್ಟಿದವಳೂ ಅಲ್ಲ.

ಇಂದು ಆ ತುದಿಯಲ್ಲಿ ಹೊಸ ಮೇಷ್ಟ್ರು ನಿಂತರು. ಉಂಗುರ ದಾರ ತಪ್ಪಿ ಬೀಳಲಿ ಎಂಬುದೊಂದೇ ಅವಳ ಆಸೆ. ಅವನಿಲ್ಲವೆಂದು ಆ ಗಾಜಿಗಾದರೂ ತಿಳಿಯಬೇಕಿತ್ತು.

ಮೇಷ್ಟ್ರು ಪಾಠ ಹೇಳುತ್ತಿದ್ದರು. "ಆಮ್ಲದ ಆವಿಯಲ್ಲಿ ಹೈಡ್ರೋಜನ್, ಕ್ಲೋರಿನ್ ಎರಡೂ ಎಲೆಕ್ಟ್ರಾನ್ ಹಂಚಿಕೊಂಡಿರ್ತವೆ. ಅದು ಸಹವೇಲೆನ್ಸೀಯ ಬಂಧ. ಅಮೋನಿಯಾ ಎದುರಾದ್ರೆ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನ ಕ್ಲೋರಿನ್ ಹತ್ರಾನೇ ಬಿಟ್ಟು ಅಮೋನಿಯಾ ಜೊತೆ ಹೋಗಿಬಿಡುತ್ತೆ. ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್. ಆ ಸೆಳೆತವೇ ಅಯಾನಿಕ ಬಂಧ. ಅದಕ್ಕೆ ಲೋಹ ಇರಲೇಬೇಕು ಅಂದ್ಕೊಂಡಿರ್ತೀರಿ, ಇಲ್ಲಿ ಲೋಹವೇ ಬೇಕಿಲ್ಲ! ಅಕ್ಕಾ, ರೆಡಿನಾ? ಒಂದು, ಎರಡು, ಮೂರು!"

ಮೂರು ಎನ್ನಬಾರದಿತ್ತು. ಅವಳ "ಹೂಂ"ಗೆ ಜಾಗವೇ ಉಳಿಯಲಿಲ್ಲ. ಕೈ ಮಾತ್ರ ರೂಢಿಯಂತೆ ಹತ್ತಿ ತುರುಕಿತು.

ಉಂಗುರ ಮೂಡಿತು. ಕೆಂಪು ದಾರದ ಕೆಳಗೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ನೋಡಿದ್ರಾ ಅಕ್ಕಾ? ಯಾರು ಹಿಡಿದ್ರೂ ಅಲ್ಲೇ ಬರುತ್ತೆ!" ಮೇಷ್ಟ್ರು ಹಿಗ್ಗಿದರು.

"ಹೌದು ಸಾರ್."

ಎಲ್ಲರೂ ಹೋದ ಮೇಲೆ ಕೊಳವೆ ತೊಳೆದು ಸ್ಟ್ಯಾಂಡಿಗೆ ಏರಿಸಿದಳು. ಉಂಗುರದ ಬಿಳಿ ಪುಡಿ ನೀರಲ್ಲಿ ಕರಗಿಹೋಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ತುದಿಗೆ ಹೋಗಿ ನಿಂತಳು. ಅಲ್ಲಿಂದ ಅವಳ ಜಾಗ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

"ಒಂದು, ಎರಡು" ಎಂದಳು. ಹೂಂ ಎನ್ನಲು ಅಲ್ಲಿ ಯಾರೂ ಇರಲಿಲ್ಲ.