ಚರ್ಚಿನ ಮೆಟ್ಟಿಲಿಗೆ ಒಡೆದ ಕಾಯಿ

ಬೆಳಿಗ್ಗೆ ಚಟ್ನಿಗೆಂದು ಕಾಯಿ ಒಡೆದೆ. ಕಾಯಿನೀರಿನ ವಾಸನೆ ಮೂಗಿಗೆ ಬಂದದ್ದೇ ತಡ, ನಗು ತಡೆಯಲಾಗಲಿಲ್ಲ. ಇವತ್ತು ಚರ್ಚಿನಲ್ಲಿ ನನ್ನ ದೀಕ್ಷಾಸ್ನಾನ. ಖುಷಿಯೋ ಭಯವೋ ಕೇಳಬೇಡಿ, ಎರಡೂ ಸೇರಿ ಕೈಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಪಂಚನಹಳ್ಳಿಯಲ್ಲಿರುವ ಅಮ್ಮನಿಗೆ ವಿಷಯ ಹೇಳಿದಾಗ "ನಿನ್ನಿಷ್ಟ" ಎಂದು ಫೋನ್ ಇಟ್ಟವಳು ಮತ್ತೆ ಮಾಡಿಲ್ಲ. ಅಮ್ಮ ಬರಬೇಕು, ನನ್ನ ಆಸೆ ಅಷ್ಟೇ.

ನಗು ಯಾಕೆ ಬಂತೆಂದು ಹೇಳುತ್ತೇನೆ, ಕೇಳಿ. ಕಡೂರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಮಾರ್ತಕ್ಕನ ಜೊತೆ ಚರ್ಚಿಗೆ ಹೋಗುತ್ತಿದ್ದೆ. ಭಕ್ತಿಯಿಂದಲ್ಲ, ಭಾನುವಾರ ಒಬ್ಬಳೇ ಕೂರಲು ಬೇಜಾರು. ಹಾಡೆಂದರೆ ಜೀವ, ಪಾಸ್ಟರ ಉಪದೇಶದ ಪ್ರಸಂಗ ಶುರುವಾದರೆ ತೂಕಡಿಕೆ. ಆಗ ಚರ್ಚಿನ ಸುಗ್ಗಿಯ ಹಬ್ಬ ಬಂತು. ಬೆಳೆದದ್ದನ್ನು ತಂದು ದೇವರ ಮುಂದೆ ಇಡುವ ದಿನ: ರಾಗಿ, ಕುಂಬಳಕಾಯಿ, ಕೋಳಿ ಕೂಡ. ನಾನೂ ಊರಿನ ಕಾಯಿ ಹಿಡಿದು ಹೋದೆ. ಹೋದವಳು ಸುಮ್ಮನೆ ಇಡಬೇಕೋ ಬೇಡವೋ? ಹುಟ್ಟಿದಾಗಿನ ಅಭ್ಯಾಸ ನೋಡಿ, ಕಣ್ಣು ಮುಚ್ಚಿ ಬೇಡಿಕೊಂಡು ಮೆಟ್ಟಿಲಿಗೆ ಫಟ್ಟನೆ ಒಡೆದೇಬಿಟ್ಟೆ. ಪಕ್ಕದಲ್ಲಿದ್ದ ಹಿರಿಯರ ಬಿಳಿ ಪಂಚೆಯೆಲ್ಲ ನೀರು. ಒಳಗೆ ಹಾಡು ನಿಂತಿತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಯಾರೂ ಬೈಯಲಿಲ್ಲ. ಪಾಸ್ಟರು ತಾವೇ ಬಂದು ಹೋಳುಗಳನ್ನು ಎತ್ತಿ ರಾಗಿಯ ಪಕ್ಕದಲ್ಲಿಟ್ಟರು. ಹಾಡು ಮತ್ತೆ ಶುರುವಾಯಿತು. ಮಾರ್ತಕ್ಕ ಮಾತ್ರ ಕಿವಿಯಲ್ಲಿ, "ಏನ್ ಕೇಳ್ಕೊಂಡೆ?" ಅಂದಳು.

"ತಮ್ಮಂಗೆ ಹೆಣ್ಣು ಸಿಗ್ಲಿ ಅಂತ. ಸಿಕ್ರೆ ಇನ್ನೊಂದ್ ಕಾಯಿ ಅಂದಿದೀನಿ."

"ಕೇಳು, ಬ್ಯಾಡ ಅನ್ನಲ್ಲ. ಆದ್ರೆ ದೇವ್ರು ಕಾಯಿ ನೋಡ್ಕೊಂಡು ಪ್ರೀತ್ಸೋನಲ್ಲ ಕಣೇ. ಮೊದ್ಲೇ ಪ್ರೀತ್ಸಿದಾನೆ."

ತಮ್ಮನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ, ಅದು ಬೇರೆ ವಿಷಯ. ಆದರೆ ಮಾರ್ತಕ್ಕನ ಮಾತು ನನ್ನನ್ನು ಬಿಡಲಿಲ್ಲ. ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ ಅದೇ ಯೋಚನೆ. ಏನೂ ಕೇಳದೆ ಕೊಡುವವರು ಇರುತ್ತಾರೆಯೇ? ಒಮ್ಮೆ ಊರಿಗೆ ಹೋದಾಗ, ಚರ್ಚಿನಲ್ಲಿ ಕಾಯಿ ಒಡೆಯುವುದಿಲ್ಲ, ಹಾಗೇ ಇಡುತ್ತಾರೆ ಎಂದು ನಾನು ಹೇಳುತ್ತಿದ್ದರೆ, ಅಮ್ಮ ತಾನಿನ್ನೂ ಉಣ್ಣದೆ, ನಾನು ಸಾಕೆಂದರೂ ಕೇಳದೆ, ನನ್ನ ಮುದ್ದೆಗೆ ತುಪ್ಪ ಸುರಿಯುತ್ತಿದ್ದಳು. ಹೀಗೇ ಅಲ್ಲವೇ ಅನಿಸಿತು. ಅಲ್ಲಿಂದಾಚೆಗೆ ಪ್ರಸಂಗದಲ್ಲಿ ತೂಕಡಿಕೆ ಕಡಿಮೆಯಾಯಿತು. ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ನಂಬಿಕೆ ಇಂಥ ದಿನ ಬಂತೆಂದು ಹೇಳಲಾರೆ. ಒಂದು ದಿನ ನೋಡಿದರೆ ಇತ್ತು.

ಇಷ್ಟು ನೆನೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೊದಲ ಬಸ್ಸಿಗೇ ಹೊರಟು ಬಂದಿದ್ದಾಳೆ ಅಮ್ಮ. ಕೈಚೀಲದಲ್ಲಿ ಜುಟ್ಟು ಬಿಟ್ಟು ಸುಲಿದ ಕಾಯಿ.

"ಯಾವ ಹರಕೆನಮ್ಮಾ ಇದು?" ಎಂದೆ.

"ಹರ್ಕೆ ಗಿರ್ಕೆ ಏನಿಲ್ಲ ಕಣೇ, ಸುಮ್ನೆ ತಂದೆ. ಅಲ್ಲಿ ಒಡೆಯಲ್ಲ ಅಂದಿದ್ಯಲ್ಲ, ಹಂಗೇ ಇಡಾನ ನಡಿ."