ವರ್ಮೀಸ್ ಮೇಷ್ಟ್ರು

ನಮ್ಮ ಜೀವಶಾಸ್ತ್ರದ ಮೇಷ್ಟ್ರ ಬೆರಳುಗಳು ಫಾರ್ಮಲಿನ್‌ನಲ್ಲಿ ಅದ್ದಿ ಅದ್ದಿ ಬಿಳಿಚಿಕೊಂಡು, ಹಳೆಯ ಸುಣ್ಣದ ಗೋಡೆಯಂತೆ ಸಿಪ್ಪೆ ಏಳುತ್ತಿದ್ದವು. ಯಾರಾದರೂ ಹುಳ ಎಂದರೆ ಸಾಕು, ಮೇಜು ಬಡಿದು ಕೇಳುತ್ತಿದ್ದರು: "ಯಾವ ಹುಳ?"

ಎಪ್ಪತ್ತರ ದಶಕದ ಕೊನೆ. ಪೀಣ್ಯದ ಕಾರ್ಖಾನೆ ಕೆಲಸಗಾರರ ಮಕ್ಕಳೇ ತುಂಬಿದ್ದ ನಮ್ಮ ಹೈಸ್ಕೂಲಿನ ಹಳೆಯ ಪುಸ್ತಕದಲ್ಲಿ 'ವರ್ಮೀಸ್' ಎಂಬ ವರ್ಗವಿತ್ತು. ಅದನ್ನು ಕಂಡರೆ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು.

"ಲ್ಯಾಟಿನ್ನಲ್ಲಿ ವರ್ಮೀಸ್ ಅಂದ್ರೆ ಹುಳಗಳು, ಅಷ್ಟೇ. ಹಿಂದೆ ಸ್ವೀಡನ್ನಿನ ವಿದ್ವಾಂಸನೊಬ್ಬ ಎರೆಹುಳ, ಬಸವನಹುಳ, ನಕ್ಷತ್ರಮೀನು ಎಲ್ಲಾನೂ ಒಂದೇ ಚೀಲಕ್ಕೆ ತುಂಬಿದ. ಆಮೇಲೆ ಬಂದೋರು ಬಿಡಿಸಿ ಬಿಡಿಸಿ ಸುಸ್ತಾದ್ರು. ಆ ವರ್ಗ ಈಗ ಇಲ್ಲ. ಅವನು ಹಾವನ್ನಾದ್ರೂ ಹೊರಗಿಟ್ಟಿದ್ದ. ನಾವು ಅದನ್ನೂ ಹುಳ ಅಂತೀವಿ."

ಮೇಷ್ಟ್ರು ಬಾಡಿಗೆಗಿದ್ದದ್ದು ದಾಸರಹಳ್ಳಿಯ ರೈತರೊಬ್ಬರ ಮನೆಯಲ್ಲಿ. ಒಂದು ಮಧ್ಯಾಹ್ನ, ಕಾರ್ಖಾನೆಯ ಹಿಂದಿನ ಮೋರಿ ಬಳಿ ಹುಲ್ಲು ಕೊಯ್ಯುತ್ತಿದ್ದ ಆ ರೈತರನ್ನು ಹೆಂಡತಿ ಕ್ಲಿನಿಕ್ಕಿಗೆ ಕರೆತಂದರು. ಅಮ್ಮನ ಔಷಧಿಗೆಂದು ಹೋಗಿದ್ದ ನಾನು ಅಲ್ಲೇ ಬೆಂಚಿನ ಮೇಲಿದ್ದೆ.

"ಉಳ ಮುಟ್ಬುಡ್ತು ಕಣಕ್ಕ, ಬ್ಯಾಗ ನೋಡಿ," ಎಂದರು ಆಕೆ.

ಪೇಟೆಯಲ್ಲೇ ಬೆಳೆದಿದ್ದ ನರ್ಸ್, ಯಾವುದೋ ಕೀಟ ಕಚ್ಚಿರಬೇಕೆಂದು ಮುಲಾಮು ಹಚ್ಚಿ, "ಡಾಕ್ಟ್ರು ಬರ್ತಾರೆ, ಕೂತಿರಿ" ಎಂದಳು. ಸುದ್ದಿ ತಿಳಿದು ಮೇಷ್ಟ್ರು ಸೈಕಲ್ ತುಳಿದು ಬರುವ ಹೊತ್ತಿಗೆ ರೈತರ ರೆಪ್ಪೆಗಳು ಜೋಲುತ್ತಿದ್ದವು.

"ಯಾವ ಹುಳಾಮ್ಮ? ಹೆಸರು ಹೇಳೋಕಾಗಲ್ವಾ?" ಮೇಷ್ಟ್ರು ರೇಗಿದರು.

ಹೆಸರೆತ್ತಿದರೆ ಅದು ಮತ್ತೆ ಬರುತ್ತದೆಂಬ ಭಯ ಆಕೆಗೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗಂಡನ ಕಾಲಿನತ್ತ ಬೆರಳು ತೋರಿದರು. ಮೇಷ್ಟ್ರು ಬಗ್ಗಿ ಮುಲಾಮು ಒರೆಸಿದರು. ಹಲ್ಲಿನ ಗುರುತು ಕಂಡಿತು. ರೈತರನ್ನು ಟೆಂಪೊ ಹತ್ತಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ದಾರಿಯಲ್ಲೇ ಜೀವ ಹೋಯಿತು.

ಹಾವು ಕಚ್ಚಿದರೆ ಈ ಕಡೆಯವರು ಏನೆನ್ನುತ್ತಾರೆಂದು ನರ್ಸುಗಳಿಗೆ ಹೇಳಿಕೊಡಿ ಎಂದು ಮೇಷ್ಟ್ರು ಕ್ಲಿನಿಕ್ಕಿಗೆ ಅಲೆದರು. ಅಲ್ಲಿನವರು ನೋಡೋಣ ಎಂದರು, ನೋಡಲಿಲ್ಲ. ಹೆಡ್‌ಮಾಸ್ಟರು, "ಹುಳಗಿಳ ಬಿಟ್ಟು ಪೋರ್ಶನ್ ಮುಗಿಸ್ರಿ" ಎಂದರು. ಆಮೇಲೆ ಮೇಷ್ಟ್ರು ವರ್ಮೀಸ್ ಪಾಠವನ್ನು ಪುಸ್ತಕದಲ್ಲಿದ್ದಂತೆಯೇ ಓದಿ ಮುಗಿಸತೊಡಗಿದರು. ಅವರ ಬೈಗುಳಕ್ಕೆ ನಗುತ್ತಿದ್ದ ನಮಗೆ ಆ ಓದು ಕೇಳಲಾಗುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದ ಅವರನ್ನು ನೋಡಲು ಹೋದೆ.

"ಆಯಮ್ಮ ಅವತ್ತು ಹುಳ ಅಂತ ಸರಿಯಾಗೇ ಹೇಳಿದ್ರು ಕಣಮ್ಮ. ಅವರ ಮಾತು ಗೊತ್ತಿದ್ದೂ ನಾನು ಅವರ ಮೇಲೇ ರೇಗಿದೆ. ಇನ್ನೂ ಅಲ್ಲೇ ಇದಾರಾ?"

ಮರುದಿನವೇ ದಾಸರಹಳ್ಳಿಗೆ ಹೋದೆ. ಹಿತ್ತಲ ತುಂಬ ಬಾಡಿಗೆ ಮನೆಗಳೆದ್ದಿದ್ದವು. ಆಕೆ ಜಗಲಿಯ ಮೇಲಿದ್ದರು.

"ಬೈದ್ರೇನು ಬುಡವ್ವ. ನಮ್ಮೋರ ತಲೆ ತೊಡೆ ಮ್ಯಾಲಿಟ್ಕೊಂಡು ಬಂದೋರು ಅವರೊಬ್ರೇ. ಅಂಗಂತ ಯೋಳು."

ಹೇಳಲೆಂದು ಬಸ್ಸಿಳಿದು ಬಂದರೆ ಮೇಷ್ಟ್ರ ಮನೆಯ ಮುಂದೆ ಚಟ್ಟ ಕಟ್ಟುತ್ತಿದ್ದರು.