ಖೌತಾ ಎನ್ನಬಾರದ ಸೊಸೆ

ನೀರು, ವಜ್ರ, ಹೊಲಿದ ಬಟ್ಟೆ: ನಮ್ಮ ಲೆಸೊಥೊ ಹೊರಗೆ ಮಾರುವ ಇವೆಲ್ಲ ದೊಡ್ಡವರ ಬಾಬತ್ತು. ಗುಡ್ಡದ ಮೇಲಿನ ನಮಗೆ ಮೇಕೆಯ ಕೂದಲೇ ದಿಕ್ಕು. ಆ ಕೂದಲಿಗೆ ಖೌತಾನಷ್ಟು ಜೀವ ಬಿಡುವವನು ನಮ್ಮೂರಲ್ಲಿಲ್ಲ. ಹದಿನೆಂಟು ವರ್ಷ ಗಡಿಯಾಚೆಯ ಚಿನ್ನದ ಗಣಿಯಲ್ಲಿ ಬಗ್ಗಿದ ಬೆನ್ನನ್ನು ಊರಿಗೆ ತಂದು ಇಪ್ಪತ್ತು ಮೇಕೆ ಕಟ್ಟಿದ. ಮಳೆ ಬಂದರೆ ತನ್ನ ಕಂಬಳಿಯನ್ನು ಮೇಕೆಗೆ ಹೊದಿಸಿ ತಾನು ನೆನೆಯುತ್ತಿದ್ದ. ಅವನ ಹೆಸರಿನ ಅರ್ಥವೇ ಚಿನ್ನ. ಕೂದಲು ಕತ್ತರಿಸುವ ಕೊಟ್ಟಿಗೆಯಲ್ಲಿ ಮೊದಲ ದರ್ಜೆಯ ಕೂದಲಿಗೂ ನಾವು "ಖೌತಾ" ಎಂದೇ ಕೂಗುತ್ತಿದ್ದೆವು. ತನ್ನ ಮೇಕೆಯ ಕೂದಲಿಗೆ ಒಮ್ಮೆಯಾದರೂ ತನ್ನ ಹೆಸರು ಸಿಗಬೇಕೆಂಬುದೊಂದೇ ಅವನ ಆಸೆ.

ಆ ವರ್ಷ ದರ್ಜೆ ನೋಡುವ ಮೇಜಿಗೆ ಬಂದವಳು ಪಟ್ಟಣದಲ್ಲಿ ಕಲಿತುಬಂದ ಮಾಥುಸೊ, ಖೌತಾನ ಸ್ವಂತ ಸೊಸೆ. ಅವಳು ಕೂಗಿದ ದರ್ಜೆಯ ಮೂಟೆಗೆ ಕೂದಲು ಹಾಕಿ ತುಳಿಯುವವನು ನಾನು. ಮಾವನ ಕೂದಲ ಗಂಟು ಬಿಚ್ಚಿ, ಎಳೆ ಎಳೆದು ನೋಡಿದಳು. ಮುಖ ಅರಳಿತು, ಬಾಯಿ ಮಾತ್ರ ತೆರೆಯಲಿಲ್ಲ. ಸೊಸೆಯಾದವಳು ಮಾವನ ಹೆಸರೆತ್ತುವುದುಂಟೆ? ಕೊನೆಗೆ ಕಣ್ಣು ತಗ್ಗಿಸಿ, "ಅದೇ... ಆ ಹಳದೀದು" ಎಂದಳು.

ಹಳದಿ ಎಂದರೆ ನಮ್ಮಲ್ಲಿ ಉಚ್ಚೆ ಕಲೆಯ ಕೂದಲು, ಕೊನೆಯ ದರ್ಜೆ. ನಾನು ಎತ್ತಿ ಆ ಮೂಟೆಗೆ ಹಾಕಿ ಚೆನ್ನಾಗಿ ತುಳಿದೆ.

"ಏನೋ ಮುದುಕಾ, ನನ್ನ ಮೇಕೆಗಳೇನು ಮೈಮೇಲೆ ಉಚ್ಚೆ ಹುಯ್ಕೊಳ್ತಾವಾ?" ಖೌತಾ ಕೋಲೆತ್ತಿದ.

"ನಿನ್ನ ಸೊಸೇನೇ ಹೇಳಿದ್ದು ಕಣೋ, ಅವಳನ್ನೇ ಕೇಳು!"

"ಇನ್ನೇನಂತ ಕೂಗಲಿ ಮಾವ? ಗಣೀಲಿ ನೀವು ಅಗೀತಿದ್ದದ್ದು ಹಳದೀನೇ ಅಲ್ವಾ?"

ಕೊಟ್ಟಿಗೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಖೌತಾನ ಜೊತೆ ಸದಾ ಪೈಪೋಟಿಗೆ ನಿಲ್ಲುವ ಲೆಖೊಬಾ, "ಒಂದೇ ಸಲ ಹೆಸರು ಕೂಗಿಬಿಡಮ್ಮ" ಎಂದ.

"ನಿಮ್ಮ ಸೊಸೆ ನಿಮ್ಮ ಹೆಸರು ಕೂಗ್ತಾಳಾ ದೊಡ್ಡಪ್ಪ?"

ಲೆಖೊಬಾ ನಶ್ಯದ ಡಬ್ಬಿ ಹುಡುಕತೊಡಗಿದ.

ಖೌತಾ ಕೋಲಿಳಿಸಿದ. "ಮೊದಲ ದರ್ಜೆ ಆದ್ರೆ ನೀನು ಬೆರಳೆತ್ತು ತಾಯಿ. ಕೂಗೋದು ನಾನು."

ಕಲೆಯ ಕೂದಲಲ್ಲಿ ಬೆರೆತುಹೋಗಿದ್ದ ಅವನ ಕೂದಲನ್ನು ನಾನು ಮೂಟೆಯಿಂದ ಕಿತ್ತು ತಂದೆ. ಮಾಥುಸೊ ಬೆಳಕಿಗೆ ಹಿಡಿದಳು, ಮೂಸಿದಳು. ಬೆರಳು ಏಳಲಿಲ್ಲ.

"ಈಗ ಇದು ನಿಜವಾಗ್ಲೂ ಹಳದಿ ಮಾವ."

ಮುಂದಿನ ಗಂಟು ಲೆಖೊಬಾನದು. ಬೆರಳು ನೆಟ್ಟಗೆ ಎದ್ದಿತು. ಖೌತಾ ನನ್ನನ್ನೊಮ್ಮೆ ನುಂಗುವಂತೆ ನೋಡಿ, ಕಹಿಕಷಾಯ ಕುಡಿದವನಂತೆ, "ಖೌತಾ" ಎಂದ. ಸಂಜೆಯ ಹೊತ್ತಿಗೆ ಕಂಡವರ ಕೂದಲಿಗೆಲ್ಲ ತನ್ನ ಹೆಸರಿಟ್ಟು ಅವನ ಗಂಟಲು ಕಟ್ಟಿಹೋಗಿತ್ತು.

ಮರುವರ್ಷ ಮೊದಲ ಗಂಟು ಅವನದೇ. ಸೊಸೆಯ ಬೆರಳು ಅರ್ಧ ಏಳುವಷ್ಟರಲ್ಲಿ ಅವನು ಕೂಗಿದ ಕೂಗಿಗೆ ಹೊರಗಿದ್ದ ಮೇಕೆಗಳು ಬೇಲಿ ಹಾರಿದವು. ಕೂದಲನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ತಾನೇ ಮೂಟೆಗಿಳಿದು ತುಳಿದ.